ವಾಸನೆಯಿಲ್ಲದ ಕಾಗದ

ಮೊನ್ನೆ ಸೊಸೆ ರೇಷ್ಮೆ ಸೀರೆಗಳನ್ನೆಲ್ಲ ಹೊರಗೆ ತೆಗೆದು ಕೊಡವಿ, ಬೀರುವಿನ ಮೂಲೆಮೂಲೆಗೂ ನುಸಿಗುಳಿಗೆ ಹಾಕಿದಳು. ಈಗ ಬೀರುವಿನ ಬಾಗಿಲು ತೆಗೆದರೆ ಸಾಕು, ಆ ಬಿಳಿ ಗುಳಿಗೆಯ ವಾಸನೆ ಮೂಗಿಗೆ ಅಡರುತ್ತದೆ. ಅವಳಿಗೆ ಅದು ಶುಚಿಯ ವಾಸನೆ. ನನಗೆ ಅದರಿಂದ ಒಬ್ಬರ ನೆನಪು ಬರುತ್ತದೆ. ವಿಚಿತ್ರವೆಂದರೆ ಅವರ ಬಳಿ ಆ ವಾಸನೆ ಇರಲೇ ಇಲ್ಲ. ಒಂದೇ ಒಂದು ಸಲ ಒಂದು ಪೊಟ್ಟಣ ಗುಳಿಗೆ ತಂದಿದ್ದವರು, ಅದನ್ನೂ ಕೆರೆಯಾಚೆಗೆ ಎಸೆದು ಬಂದರು.

ಊರೆಲ್ಲ ಅವರನ್ನು ಉಪದೇಶಿ ತಾತ ಎನ್ನುತ್ತಿತ್ತು. ಚರ್ಚಿನಲ್ಲಿ ಪಾದ್ರಿ ಇಲ್ಲದ ದಿನ ಬೈಬಲು ಓದಿ ಬುದ್ಧಿ ಹೇಳುವವರಿಗೆ ಉಪದೇಶಿ ಎನ್ನುತ್ತಾರಂತೆ. ನಾನು ಕಂಡಾಗ ಆ ಊರಿನಲ್ಲಿ ಚರ್ಚೂ ಇರಲಿಲ್ಲ, ಉಪದೇಶ ಕೇಳುವವರೂ ಇರಲಿಲ್ಲ. ಇದ್ದದ್ದು ಅವರೊಬ್ಬರೇ.

ನಾನು ಮಾಸ್ತಿಯ ಕಡೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಯಲ್ದೂರಿನಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿಗೆ ಬಂದೆ. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು. ನಂಗಲಿ ದಾಟಿ ಆಂಧ್ರಕ್ಕೆ ಇಳಿದರೆಂದರೆ ಮತ್ತೆ ಎಂದು ಮುಖ ತೋರಿಸುತ್ತಾರೋ ದೇವರಿಗೇ ಗೊತ್ತು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಯ ಮಾತೆಲ್ಲ ತೆಲುಗು, ನನ್ನ ಸಲುವಾಗಿ ಕನ್ನಡ ಆಡಿದರೂ ಅದರೊಳಗೆ ಅರ್ಧ ತೆಲುಗೇ. ನನ್ನದೋ ಎಸೆಸ್ಸೆಲ್ಸಿವರೆಗೆ ಓದಿದ ಜಂಬ. ಆ ಊರಿನಲ್ಲಿ ಓದುವುದಕ್ಕೆ ಶೆಟ್ಟರ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಪೇಪರಿನ ತುಂಡು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಅದನ್ನೇ ಹಿಂದೆಮುಂದೆ ತಿರುಗಿಸಿ ಓದುತ್ತಿದ್ದೆ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಊರಾಚೆ ನಮ್ಮ ಹಿಪ್ಪುನೇರಳೆ ತೋಟ. ಅದಕ್ಕೆ ಅಂಟಿಕೊಂಡಂತೆ ದೊರೆಗಳ ಕಾಲದ ಒಂದು ಮಿಷನ್ ಸ್ಕೂಲಿನ ಕಟ್ಟಡವಿತ್ತು. ಸ್ಕೂಲು ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಎತ್ತರದ ಹೆಂಚಿನ ಸೂರು, ದಪ್ಪ ಗೋಡೆ, ಬೇಸಿಗೆಯಲ್ಲೂ ಒಳಗೆ ತಂಪು. ಹುಳಕ್ಕೆ ಹೇಳಿ ಮಾಡಿಸಿದ ಜಾಗ. ಕೋಲಾರದಲ್ಲಿದ್ದ ಚರ್ಚಿನವರಿಂದ ಅದರ ದೊಡ್ಡ ಕೊಠಡಿಯನ್ನು ಅತ್ತೆ ಬಾಡಿಗೆಗೆ ಹಿಡಿದಿದ್ದರು. ಅದೇ ಕಟ್ಟಡದ ತುದಿಯ ಸಣ್ಣ ಕೋಣೆಯಲ್ಲಿ ಉಪದೇಶಿ ತಾತ ಇದ್ದರು. ಅವರ ಕೋಣೆಗೂ ನಮ್ಮ ಹುಳದ ಕೊಠಡಿಗೂ ನಡುವೆ ಒಂದು ಗೋಡೆ. ಆ ಗೋಡೆಯೂ ಸೂರಿನವರೆಗೆ ಮುಟ್ಟಿರಲಿಲ್ಲ.

ನಾನು ಅವರನ್ನು ಮೊದಲು ಸರಿಯಾಗಿ ನೋಡಿದ್ದು ಅತ್ತೆ ಅವರ ಮೇಲೆ ಹರಿಹಾಯ್ದ ದಿನ. ಹುಳ ಎರಡನೇ ಜ್ವರ ಕಳೆದು ಎದ್ದಿತ್ತು. ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಸುಮ್ಮನಿರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದಿಂದ ಎದ್ದ ಹುಳ ಹಸಿದು ಸೊಪ್ಪಿಗೆ ಬೀಳಬೇಕು. ಅವತ್ತು ಹಾಕಿದ ಸೊಪ್ಪು ಹಾಕಿದಂತೆಯೇ ಇತ್ತು. ಅತ್ತೆ ಮೂಗರಳಿಸಿ ಗಾಳಿ ಮೂಸಿದರು. ನೇರ ತಾತನ ಬಾಗಿಲಿಗೆ ಹೋಗಿ ನಿಂತರು.

"ಏನ್ ತಂದಿಟ್ಟಿದ್ದೀಯ ತಾತಾ? ಹುಳ ಸೊಪ್ಪು ಮುಟ್ತಾ ಇಲ್ಲ! ನಮ್ ಹೊಟ್ಟೆ ಮೇಲೆ ಹೊಡೀತೀಯಾ?"

ತಾತ ಗಾಬರಿಯಿಂದ ಎದ್ದು ಬಂದರು. ಸಣಕಲು ಮೈ, ಮಾಸಿದ್ದರೂ ಮೇಲಿನ ಗುಂಡಿಯವರೆಗೆ ಹಾಕಿದ್ದ ಬಿಳಿ ಅಂಗಿ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಳೆಯ ಕಾಗದಗಳಿಗೆ ಹುಳ ಹಿಡಿಯುತ್ತಿದೆಯೆಂದು ಕೋಲಾರದಿಂದ ನುಸಿಗುಳಿಗೆ ತರಿಸಿ ಪೆಟ್ಟಿಗೆಯಲ್ಲಿ ಹಾಕಿದ್ದರಂತೆ. ರೇಷ್ಮೆ ಹುಳಕ್ಕೆ ಗಾಟು ವಾಸನೆ ಆಗಿಬರುವುದಿಲ್ಲ. ನಮ್ಮ ಮನೆಗಳಲ್ಲಿ ಹುಳ ಇರುವಷ್ಟು ದಿನ ಊದುಬತ್ತಿಯನ್ನೂ ಹಚ್ಚುತ್ತಿರಲಿಲ್ಲ, ಬೀಡಿ ಸೇದಿದವರನ್ನು ಬಾಗಿಲಿಗೂ ಬಿಡುತ್ತಿರಲಿಲ್ಲ.

"ತಪ್ಪಾಯ್ತಮ್ಮಾ, ತೋಚಲಿಲ್ಲ," ಎಂದು ತಾತ ಆಗಲೇ ಗುಳಿಗೆಗಳನ್ನೆಲ್ಲ ಹೆಕ್ಕಿ ಟವಲಿನಲ್ಲಿ ಕಟ್ಟಿಕೊಂಡರು. ಹೊರಟವರು ತಿರುಗಿ, "ಬೇವಿನ್ ಸೊಪ್ಪಾದ್ರೂ ಹಾಕ್ಕೊಳ್ಳಲಾ?" ಎಂದು ಕೇಳಿದರು.

"ಅದೂ ಬೇಡ. ಯಾವ ವಾಸ್ನೆನೂ ಬೇಡ."

"ಆಯ್ತು ಬಿಡಮ್ಮಾ," ಎಂದು ಬಿಸಿಲಿನಲ್ಲಿ ತಡವರಿಸುತ್ತಾ ಕೆರೆಯ ಕಡೆ ನಡೆದರು.

ಆಮೇಲೆ ಅವರು ಕಾಗದಗಳನ್ನು ಕೈಯಿಂದಲೇ ಕಾಯತೊಡಗಿದರು. ದಿನಾ ಬೆಳಿಗ್ಗೆ ಕೈಸಾಲೆಯಲ್ಲಿ ಚಾಪೆ ಹಾಸಿ ಒಂದು ಕಟ್ಟು ಬಿಚ್ಚುವುದು, ಒಂದೊಂದೇ ಹಾಳೆ ತಿರುವಿ ಗಾಳಿಗೆ ಹಿಡಿಯುವುದು, ಮಡಿಕೆಯಲ್ಲಿ ಹುಳವಿದೆಯೇ ಎಂದು ಬೆರಳಲ್ಲಿ ಸವರಿ ನೋಡುವುದು. ನಾಲ್ಕಾರು ದಿನ ಇದನ್ನು ನೋಡಿದ ಅತ್ತೆ ಒಂದು ಕೋಳಿ ಪುಕ್ಕ ತೆಗೆದುಕೊಂಡು ಹೋಗಿ ಅವರ ಚಾಪೆಯ ಮೇಲೆ ಇಟ್ಟು ಬಂದರು. ಆಗತಾನೆ ಮೊಟ್ಟೆಯೊಡೆದ ಹುಳವನ್ನು ನೋಯಿಸದೆ ಸೊಪ್ಪಿಗೆ ಸರಿಸಲು ನಾವು ಬಳಸುತ್ತಿದ್ದ ಪುಕ್ಕ ಅದು. ನಮ್ಮತ್ತೆ ಬಾಯಿ ಜೋರೇ ಹೊರತು ಕೆಟ್ಟವರಲ್ಲ. ಗೋಡೆಯ ಈ ಕಡೆ ನಾವು ಪುಕ್ಕದಿಂದ ಹುಳ ಉಳಿಸುತ್ತಿದ್ದೆವು, ಆ ಕಡೆ ಅವರು ಪುಕ್ಕದಿಂದ ಹುಳ ಓಡಿಸುತ್ತಿದ್ದರು.

ನಾನು ಆ ಕಾಗದಗಳನ್ನು ಓದುವಂತಾದದ್ದಕ್ಕೂ ಹುಳವೇ ಕಾರಣ. ತಿಂಗಳ ಆ ದಿನಗಳಲ್ಲಿ ಹೆಂಗಸರು ಹುಳದ ಹತ್ತಿರ ಸುಳಿಯುವಂತಿಲ್ಲ, ಅಡುಗೆಮನೆಗೂ ಹೋಗುವಂತಿಲ್ಲ. ಅತ್ತೆ ನನ್ನನ್ನು ಒಬ್ಬಳೇ ಮನೆಯಲ್ಲಿ ಬಿಡಲಾರದೆ ತೋಟಕ್ಕೆ ಕರೆತಂದು ಕಟ್ಟಡದ ತುದಿಯ ಕೈಸಾಲೆಯಲ್ಲಿ ಕೂರಿಸಿ, ತಾವು ಒಳಗೆ ಕೆಲಸಕ್ಕೆ ಹೋಗುತ್ತಿದ್ದರು. ಸುಮ್ಮನೆ ಕೂತು ಕೂತು ನನಗೆ ಅಳು ಬರುತ್ತಿತ್ತು. ಗಂಡ ಎಲ್ಲೋ, ತವರು ಎಲ್ಲೋ. ಮದುವೆಯಾಗಿ ಎರಡು ವರ್ಷವಾದರೂ ಮಡಿಲು ತುಂಬಿಲ್ಲವೆಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನು ಹೊರಗೆ ಕೂತಿದ್ದೇನೆಂದರೆ ಈ ತಿಂಗಳೂ ಏನೂ ಇಲ್ಲವೆಂದು ಊರಿಗೆಲ್ಲ ಸಾರಿದಂತೆಯೇ ಆಗುತ್ತಿತ್ತು.

ತಾತ ಒಂದು ದಿನ ಚಾಪೆಯ ತುದಿಯನ್ನು ನನ್ನ ಕಡೆ ಸರಿಸಿ, "ಕನ್ನಡ ಓದೋಕ್ ಬರುತ್ತಾ ಅಮ್ಮಾಯಿ?" ಎಂದರು.

"ಬರುತ್ತೆ ತಾತಾ. ಆದ್ರೆ ಈಗ ಪುಸ್ತಕ ಮುಟ್ಟೋ ಹಾಗಿಲ್ಲ."

"ನಮ್ ಪುಸ್ತಕಕ್ಕೆ ಆ ಕಟ್ಟಳೆ ಇಲ್ಲ," ಎಂದು ಒಂದು ಹಾಳೆಯನ್ನು ಮುಂದೆ ಹಿಡಿದರು.

ಹಾಗೆ ಶುರುವಾಯಿತು. ಮೂಲೆಯಲ್ಲಿ ಕೂರಬೇಕಾದ ಆ ದಿನಗಳೇ ನನ್ನ ಓದಿನ ದಿನಗಳಾದವು. ಒಂದು ಕಾಲಕ್ಕೆ ಅವನ್ನು ಎದುರುನೋಡುತ್ತಿದ್ದೆ ಕೂಡ... ಯಾರ ಹತ್ತಿರವೂ ಹೇಳುವ ಮಾತಲ್ಲ ಅದು.

ಅವರ ಸಭೆಗೆ, ಅಂದರೆ ಅವರ ಪಂಗಡದ ಚರ್ಚಿಗೆ, ಬಿಷಪ್ಪರಿರಲಿಲ್ಲವಂತೆ. ಊರಿನವರೇ ಆರಿಸಿದ ಹಿರಿಯರು ಕೂಡಿ ಕೂತು ಎಲ್ಲವನ್ನೂ ತೀರ್ಮಾನಿಸುವ ಪದ್ಧತಿ. ಅದಕ್ಕೆ ಪ್ರೆಸ್ಬಿಟೇರಿಯನ್ ಸಭೆ ಎಂದು ಹೆಸರು. ಆ ಹೆಸರನ್ನು ನೆಟ್ಟಗೆ ಹೇಳಲು ನನಗೆ ಬಹಳ ದಿನ ಬೇಕಾಯಿತು. ತಾತ ನಗುತ್ತಾ ನನ್ನ ನಾಲಿಗೆಯನ್ನು ತಿದ್ದುತ್ತಿದ್ದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ಬೇರೆಬೇರೆ ಸಭೆಗಳು ಕೂಡಿ ಒಂದಾದಾಗ ಇವರದೂ ಅದರಲ್ಲಿ ಸೇರಿತು. ಊರಲ್ಲಿದ್ದ ಹತ್ತಾರು ಮನೆಯವರು ಚಿನ್ನದ ಗಣಿಗೋ ಬೆಂಗಳೂರಿಗೋ ಹೋದರು, ಚರ್ಚಿನ ಸೂರು ಬಿತ್ತು. ಹಿರಿಯರ ಕೂಟದ ನಡವಳಿ, ಸಭೆ ನಡೆಸುವ ಕ್ರಮ, ಮಕ್ಕಳಿಗೆ ಕಲಿಸುವ ಧರ್ಮದ ಪ್ರಶ್ನೋತ್ತರ ಎಲ್ಲವೂ ತಾತನ ಪೆಟ್ಟಿಗೆಗೆ ಬಂದವು. ಕೆಲವು ಇಂಗ್ಲಿಷು, ಕೆಲವು ತೆಲುಗು, ಹೆಚ್ಚಿನವು ಕನ್ನಡ.

"ಒಂದಾಗಿದ್ದು ಒಳ್ಳೇದೇ ಅಮ್ಮಾಯಿ," ಎನ್ನುತ್ತಿದ್ದರು. "ಆದ್ರೆ ಅದಕ್ ಮುಂಚೆ ನಾವ್ ಹೆಂಗ್ ಬದುಕಿದ್ವಿ ಅಂತ ಬರೆದಿಟ್ಟಿರೋದನ್ನ ಎಸೆಯೋಕಾಗುತ್ತಾ?"

ಸಭೆ ಒಂದಾಗುವ ಮುಂಚಿನ ಕೊನೆಯ ಕೂಟದಲ್ಲಿ ಅವರ ತಂದೆಯೂ ಒಬ್ಬ ಹಿರಿಯರಾಗಿ ಕೂತಿದ್ದರಂತೆ. ಅವರು ಎದ್ದು ನಿಂತು, ಸೇರೋಣ, ಆದರೆ ನಮ್ಮ ಬರಹ ಕಾಯಲು ಒಬ್ಬನನ್ನು ನೇಮಿಸಿ ಎಂದರಂತೆ. ಎಲ್ಲರೂ ಮುಖಮುಖ ನೋಡಿಕೊಳ್ಳುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಈ ಮಗ, ನಾನು ಕಾಯ್ತೀನಿ ಅಂದರಂತೆ. ಅಷ್ಟೇ. ಅದಕ್ಕಾಗಿ ಅವರು ಗಣಿಗೆ ಹೋಗಲಿಲ್ಲ, ಅಣ್ಣತಮ್ಮಂದಿರ ಜೊತೆ ಬೆಂಗಳೂರಿಗೂ ಹೋಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೂ ಆ ಕೋಣೆ ಬಿಡಲಿಲ್ಲ. ಆ ಕೂಟದ ನಡವಳಿ ಎಲ್ಲಕ್ಕಿಂತ ಮೇಲಿನ ಕಟ್ಟಿನಲ್ಲಿತ್ತು. ತಂದೆಯ ಮಾತನ್ನು ಬರೆದುಕೊಂಡಿದ್ದಾರೋ ಇಲ್ಲವೋ ಒಮ್ಮೆ ಕೇಳಿಸಿಕೊಳ್ಳಬೇಕೆಂದು ಅವರಿಗೆ ಆಸೆ. ಆದರೆ ಆತುರವಿಲ್ಲ. ಮೊದಲಿನಿಂದ ಕ್ರಮವಾಗಿ ಓದಿಕೊಂಡು ಬಂದು ಅದನ್ನು ಕಡೆಗೆ ಓದಬೇಕು ಎನ್ನುತ್ತಿದ್ದರು.

ಓದುತ್ತಾ ಹೋದಂತೆ ಇದು ನಮ್ಮೂರಿನ ಕತೆಯೇ ಎನಿಸಿತು. ನೀರು ಸೇದುವಾಗ ಜಗಳವಾಡಿದ ಇಬ್ಬರು ಹೆಂಗಸರು, ಪಕ್ಕದವನ ಮರದ ಮಾವಿನಕಾಯಿ ಕಿತ್ತು ಹಿಂದಿನ ಸಾಲಿನಲ್ಲಿ ಕೂರುವ ಶಿಕ್ಷೆ ಪಡೆದವನು, ತಂಗಿಯ ಮದುವೆಗೆ ಹೋಗಿ ಗುಡಿಯ ಪ್ರಸಾದ ತಿಂದೆನೆಂದು ತಾನೇ ಬಂದು ಹೇಳಿಕೊಂಡು ಅತ್ತವಳು. ಪ್ರಶ್ನೋತ್ತರದ ಭಾಗ ಬಂದರೆ ನನಗೂ ತಾತನಿಗೂ ವಾದ. ದೇವರು ತನ್ನವರನ್ನು ಮೊದಲೇ ಆರಿಸಿಕೊಂಡಿರುತ್ತಾನೆ ಎಂದು ಒಂದು ಕಡೆ ಇತ್ತು.

"ನನ್ನಂಥೋಳನ್ನ ಆರಿಸ್ಕೊಂಡಿರ್ತಾನಾ ತಾತಾ?"

ತಾತ ಪುಕ್ಕದಿಂದ ಹಾಳೆಯ ಅಂಚು ಸವರಿದರು. "ಅದು ಇದನ್ನ ಬರೆದೋರಿಗೂ ಗೊತ್ತಿರ್ಲಿಲ್ಲ ಅಮ್ಮಾಯಿ. ಗೊತ್ತಿದ್ದೋರ್ ಥರ ಬರೆದಿದಾರೆ, ಅಷ್ಟೆ," ಎಂದರು.

ಇನ್ನೊಂದು ದಿನ ಓದಿದ್ದು ಇವತ್ತಿಗೂ ಬಾಯಿಗೆ ಬರುತ್ತದೆ. ಹಿರಿಯರ ಕರ್ತವ್ಯದ ಬಗ್ಗೆ ಇದ್ದದ್ದು. ಯಾವನಾದರೂ ಸಭೆಗೆ ಬರುವುದನ್ನು ನಿಲ್ಲಿಸಿದರೆ ಹಿರಿಯನು ಅವನ ಮನೆಗೆ ಹೋಗತಕ್ಕದ್ದು. ಬಾಗಿಲಲ್ಲಿ ನಿಂತು ಗದರತಕ್ಕದ್ದಲ್ಲ. ಜಗುಲಿಯಲ್ಲಿ ಕೂತು, ಅವನಾಗಿ ಮಾತಾಡುವ ತನಕ ಕಾಯತಕ್ಕದ್ದು.

ನನಗೆ ನಗು ಬಂತು. "ಅವ್ನು ಬಾಯೇ ಬಿಡ್ದಿದ್ರೆ?"

"ಎದ್ ಬರೋದು. ಮುಂದಿನ್ ವಾರ ಮತ್ತೆ ಹೋಗೋದು."

ಒಮ್ಮೆ ಬೆಂಗಳೂರಿನಿಂದ ಒಂದು ಜೀಪು ಬಂತು. ಅವರ ಪೈಕಿಯ ಯಾವುದೋ ಕಾಲೇಜಿನವರು, ಹಳೆಯ ಚರ್ಚುಗಳ ಬರಹಗಳನ್ನು ಒಂದು ಕಡೆ ಸೇರಿಸುತ್ತಿದ್ದರಂತೆ. ಬಂದು ನೋಡಿ ಎಂದು ತಾತ ಯಾರಿಂದಲೋ ಬರೆಸಿ ಅಂಚೆಗೆ ಹಾಕಿದ್ದ ಪತ್ರಗಳಲ್ಲಿ ಯಾವುದೋ ಒಂದು ಕಡೆಗೂ ತಲುಪಿತ್ತು. ತಾತ ಒಗೆದ ಅಂಗಿ ಹಾಕಿಕೊಂಡು ಬೆಳಿಗ್ಗೆಯಿಂದ ಕೈಸಾಲೆಯಲ್ಲೇ ಕೂತಿದ್ದರು. ಬಂದವರು ಒಳ್ಳೆಯವರೇ. ನಯವಾಗಿ ಮಾತಾಡಿದರು, ಕಟ್ಟುಗಳನ್ನು ಬಿಚ್ಚಿ ನೋಡಿದರು, ಇಂಗ್ಲಿಷಿನವನ್ನೆಲ್ಲ ಎತ್ತಿ ಜೀಪಿನಲ್ಲಿಟ್ಟರು.

"ಕನ್ನಡದವು ಸಾರ್?" ಎಂದರು ತಾತ.

"ಅವು ಅನುವಾದ ಅಲ್ವಾ? ಮೂಲ ಸಿಕ್ತಲ್ಲ."

"ಎಲ್ಲಾ ಅನುವಾದ ಅಲ್ಲ ಸಾರ್. ನಮ್ಮೋರೇ ಕೂತು ಬರೆದದ್ದು."

ಬಂದವರು ಜೀಪಿನ ಕಡೆ ನೋಡಿದರು. ಅದು ಆಗಲೇ ತುಂಬಿತ್ತು. "ಮುಂದಿನ ಸಲ ತಗೊಂಡ್ ಹೋಗ್ತೀವಿ ತಾತ. ಅಲ್ಲೀವರೆಗೂ ಜೋಪಾನವಾಗಿ ಇಟ್ಟಿರಿ."

ಆ ಮಾತನ್ನು ತಾತ ಆಣೆಯಂತೆ ಹಿಡಿದುಕೊಂಡರು. ದಿನಕ್ಕೊಂದು ಕಟ್ಟು ಬಿಚ್ಚುತ್ತಿದ್ದವರು ಎರಡೆರಡು ಬಿಚ್ಚತೊಡಗಿದರು. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಕತ್ತೆತ್ತುತ್ತಿದ್ದರು. ಕಣ್ಣು ಕಾಣದಿದ್ದುದರಿಂದ, "ಜೀಪಾ ಅಮ್ಮಾಯಿ?" ಎಂದು ನನ್ನನ್ನು ಕೇಳುತ್ತಿದ್ದರು. ಅಲ್ಲ ತಾತಾ, ಮಾವಿನಕಾಯಿ ಟ್ರಾಕ್ಟರು, ಶ್ರೀನಿವಾಸಪುರಕ್ಕೆ ಹೋಗ್ತಿದೆ ಎನ್ನುತ್ತಿದ್ದೆ. ಎಷ್ಟು ಸಲ ಹಾಗೆಂದೆನೋ...

ಅಷ್ಟರಲ್ಲಿ ನಾನು ಹೊರಗೆ ಕೂರುವುದು ನಿಂತಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. "ಹೊಟ್ಟೇಲಿ ಬಿಡ್ಡನ್ ಇಟ್ಕೊಂಡು ತೋಟ ಗೀಟ ಅಂತ ತಿರುಗ್ಬೇಡ. ಮನೇಲಿ ಕೂತಿದ್ರೆ ಚಾಲು, ಅಷ್ಟೇ ಸಾಕು," ಎಂದು ಅತ್ತೆ ಆಜ್ಞೆ ಮಾಡಿದರು. ನನಗೂ ಆಗ ನನ್ನ ಹೊಟ್ಟೆಯೇ ಲೋಕವಾಗಿತ್ತು. ಮೇಲಿನ ಕಟ್ಟೊಂದು ಓದುವುದು ಬಾಕಿ ಉಳಿಯಿತು.

ಒಂದು ಶನಿವಾರ ಸಂಜೆ ತಾತ ನಮ್ಮ ಬೀದಿಗೆ ಬಂದು ಜಗುಲಿಯ ತುದಿಯಲ್ಲಿ ಕೂತರು. ಅದಕ್ಕೆ ಮುಂಚೆ ಅವರು ನಮ್ಮ ಮನೆಯ ಹತ್ತಿರ ಬಂದವರೇ ಅಲ್ಲ. ಅವರ ಜಾತಿಯವರು ಆ ಬೀದಿಯಲ್ಲಿ ಸುಮ್ಮನೆ ಬಂದು ಕೂರುವ ಕಾಲವಲ್ಲ ಅದು. ಅತ್ತೆ ಏನೂ ಅನ್ನದೆ, ಹೊರಗಿನ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲಿ ಮಜ್ಜಿಗೆ ಕೊಟ್ಟರು.

"ಏನ್ ತಾತ, ಈ ಕಡೆ?"

"ಸುಮ್ನೆ ಬಂದೆ ಕಣಮ್ಮಾ."

ನಾನು ಬಾಗಿಲ ಒಳಗೆ ನಿಂತಿದ್ದೆ. ಅತ್ತೆಯ ಎದುರಿಗೆ ಏನು ಮಾತಾಡುವುದೋ ತಿಳಿಯಲಿಲ್ಲ. ತಾತ ಮಜ್ಜಿಗೆ ಕುಡಿದು, ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಹೋದರು. ಮುಂದಿನ ಶನಿವಾರ ಮತ್ತೆ ಬಂದರು. ಹಾಗೇ ಕೂತರು, ಹಾಗೇ ಹೋದರು. ಅವರು ಬೀದಿಯ ತಿರುವು ದಾಟುವ ಹೊತ್ತಿಗೆ ನನಗೆ ನಾನೇ ಓದಿದ ಆ ಸಾಲು ನೆನಪಾಯಿತು. ಅವರ ಸಭೆಯಲ್ಲಿ ಉಳಿದಿದ್ದವಳು ನಾನೊಬ್ಬಳೇ, ಅದೂ ಅವರ ಧರ್ಮಕ್ಕೆ ಸೇರದವಳು. ನಾನೂ ಬರುವುದನ್ನು ನಿಲ್ಲಿಸಿಬಿಟ್ಟಿದ್ದೆ.

ಅದರ ಮುಂದಿನ ವಾರ ಅವರು ಬಂದು ಕೂರುತ್ತಲೇ ನಾನು ಹೊಸ್ತಿಲು ದಾಟಿ ಹೊರಗೆ ಬಂದೆ. "ತಾತಾ, ಹೆರಿಗೆಗೆ ಮಾಸ್ತಿಗೆ ಹೋಗ್ತೀನಿ. ವಾಪಸ್ ಬಂದ್ಮೇಲೆ ಆ ಮೇಲಿನ ಕಟ್ಟು ಓದ್ತೀನಿ," ಎಂದೆ.

ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಆಯ್ತಮ್ಮಾಯಿ. ನಾನ್ ಬಿಚ್ಚಲ್ಲ. ನೀನೇ ಬಂದು ಬಿಚ್ಚು," ಎಂದರು. ಅವತ್ತು ಮಜ್ಜಿಗೆಗೂ ಕಾಯದೆ ಎದ್ದರು.

ನಾನು ತವರಿನಿಂದ ತಿರುಗಿ ಬರುವಾಗ ಮಗಳಿಗೆ ಕತ್ತು ನಿಂತಿತ್ತು. ಮಾಲೂರು, ಕೋಲಾರ, ಶ್ರೀನಿವಾಸಪುರ ಎಂದು ಬಸ್ಸು ಬದಲಾಯಿಸುತ್ತಾ, ಮಗುವನ್ನು ತಾತನ ಕೈಗೆ ಹೇಗೆ ಕೊಡುವುದು, ಅತ್ತೆ ಏನೆನ್ನುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮನೆಗೆ ಬಂದು ನೀರು ಕುಡಿದ ಮೇಲೆ ಅತ್ತೆ ಹೇಳಿದರು.

"ಉಪದೇಶಿ ತಾತ ಹೋಗ್ಬಿಟ್ಟ ಕಣೇ. ಜ್ವರ ಬಂದು ಮಲಗಿದೋನು ಏಳ್ಲೇ ಇಲ್ಲ. ನಾನೇ ಗಂಜಿ ಕಾಯಿಸ್ ಕೊಡ್ತಿದ್ದೆ, ಪಾಪ. ಕೋಲಾರದಿಂದ ಅವ್ರ್ ಕಡೆಯೋರು ಬಂದು ಮಣ್ ಮಾಡಿದ್ರು."

"ಕಾಗದ ಎಲ್ಲ?"

"ಪೆಟ್ಟಿಗೆ ಅವ್ರೇ ತಗೊಂಡ್ ಹೋದ್ರು. ಪೇಪರ್ ನಮ್ಗ್ಯಾಕೆ ಅಂತ ಬಿಟ್ ಹೋದ್ರು." ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಾ ಮುಂದುವರಿಸಿದರು. "ಈ ಸಲ ಚಾಕಿಗೆ ಹಾಸೋಕೆ ಪೇಪರೇ ಇರ್ಲಿಲ್ಲ. ಶೆಟ್ರ ಅಂಗಡಿಯಿಂದ ತಂದ್ರೆ ಬರೀ ಹೊಗೆಸೊಪ್ಪಿನ್ ವಾಸ್ನೆ. ತಾತನ ಪೇಪರ್ ಮೂಸಿ ನೋಡ್ದೆ. ಒಂದ್ ಚೂರ್ ವಾಸ್ನೆ ಇಲ್ಲ ಕಣೇ! ಎಷ್ಟ್ ಶುದ್ಧ ಅಂತೀಯ! ಅದ್ರ ಮೇಲೆ ಸಾಕಿದ್ ಹುಳ ಒಂದೂ ಕೆಡ್ಲಿಲ್ಲ. ಅಂಥ ಗೂಡು ಈ ಮನೇಲಿ ಯಾವತ್ತೂ ಆಗಿಲ್ಲ. ಪುಣ್ಯಾತ್ಮ, ಹೋಗ್ತಾ ಹೋಗ್ತಾ ನಮ್ಗೆ ಒಳ್ಳೇದ್ ಮಾಡ್ ಹೋದ."

ಚಾಕಿ ಎಂದರೆ ಹುಳದ ಎಳೆಯ ಪ್ರಾಯ. ಆಗ ತಟ್ಟೆಗೆ ಕಾಗದ ಹಾಸಿ ಅದರ ಮೇಲೆ ಹೆಚ್ಚಿದ ಸೊಪ್ಪು ಉದುರಿಸುತ್ತೇವೆ. ಹುಳ ದೊಡ್ಡದಾದ ಮೇಲೆ ಆ ಕಾಗದವನ್ನು ಹಿಕ್ಕೆಯ ಸಮೇತ ಸುತ್ತಿ ತಿಪ್ಪೆಗೆ ಎಸೆಯುತ್ತೇವೆ. ಎಲ್ಲರೂ ಮಾಡುವುದೇ ಅದು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಅವರು ತಾತನನ್ನು ನಿಜವಾಗಿಯೂ ಹರಸುತ್ತಿದ್ದರು, ಕಣ್ಣಂಚಿನಲ್ಲಿ ನೀರೂ ಇತ್ತು. ಅವರ ಮೇಲೆ ಹೇಗೆ ಸಿಟ್ಟು ಮಾಡಲಿ? ನಮ್ಮ ಹುಳ ಬದುಕಲೆಂದು ಆ ಮನುಷ್ಯ ತನ್ನ ಕಾಗದಕ್ಕೆ ಯಾವ ವಾಸನೆಯನ್ನೂ ಸೋಕಿಸಿರಲಿಲ್ಲ. ಸೋಕಿಸಿದ್ದರೆ ನಮ್ಮತ್ತೆ ಅದನ್ನು ಮುಟ್ಟುತ್ತಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದೆ. ತಿಪ್ಪೆಯನ್ನು ಆಗಲೇ ಕೆದರಿ ಹಿಪ್ಪುನೇರಳೆಯ ಸಾಲುಗಳಿಗೆ ಹರಡಿಯಾಗಿತ್ತು. ಮಣ್ಣಿನಲ್ಲಿ ಬಿಳಿ ಕಂಡಲ್ಲೆಲ್ಲ ಬಗ್ಗಿ ನೋಡಿದೆ. ಕೊಳೆತು ಹುಡಿಯಾಗಿತ್ತು, ಒಂದು ಸಾಲೂ ಓದುವಂತಿರಲಿಲ್ಲ. ತಾತನ ಕೋಣೆ ಖಾಲಿಯಿತ್ತು. ಆ ಪುಕ್ಕ ಮಾತ್ರ ಕಿಟಕಿಯ ಸಂದಿಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು. ನಾನು ಅಲ್ಲೇ ಕೈಸಾಲೆಯಲ್ಲಿ ಕೂತು ಅತ್ತುಬಿಟ್ಟೆ. ಮೇಲಿನ ಕಟ್ಟನ್ನು ಬಿಚ್ಚಿದ್ದು ಯಾರು, ಅದರಲ್ಲಿ ಅವರ ತಂದೆಯ ಮಾತನ್ನು ಬರೆದಿದ್ದರೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಜೀಪು ಮತ್ತೆ ಬಂದದ್ದನ್ನು ನಾನಂತೂ ನೋಡಲಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ನಾವು ಕೋಲಾರಕ್ಕೆ ಬಂದೆವು. ಅತ್ತೆ ಹೋದರು, ಆ ಕಟ್ಟಡವನ್ನೂ ಕೆಡವಿದರಂತೆ. ಹಿರಿಯರು ಜಗುಲಿಯಲ್ಲಿ ಕೂತು ಕಾಯಬೇಕೆಂದು ಬರೆದಿದ್ದ ಆ ಸಾಲು ಈಗ ಎಲ್ಲೂ ಇಲ್ಲ, ನನ್ನ ಬಾಯಲ್ಲಿದೆ ಅಷ್ಟೆ. ನಾನು ಯಾವ ಸಭೆಗೂ ಸೇರಿದವಳಲ್ಲ. ಅದನ್ನು ಯಾರಿಗೆ ಒಪ್ಪಿಸಬೇಕೋ ಗೊತ್ತಿಲ್ಲ.

ನಮ್ಮ ಈ ಮನೆಗೆ ಜಗುಲಿಯಿಲ್ಲ, ಎರಡು ಮೆಟ್ಟಿಲಿವೆ. ಕೆಲವು ಸಂಜೆ ಬೀದಿಯಲ್ಲಿ ಸದ್ದಿಲ್ಲದ ಹೊತ್ತು, ಅವರು ಆ ಮೆಟ್ಟಿಲ ಮೇಲೆ ಬಂದು ಕೂತಿದ್ದಾರೆಂದು ಅನಿಸುತ್ತದೆ. ಅವರೇನೂ ಕೇಳುವುದಿಲ್ಲ. ನಾನಾಗಿ ಮಾತಾಡುವ ತನಕ ಕಾಯುತ್ತಾರೆ, ಎದ್ದು ಹೋಗಿ ಮುಂದಿನ ವಾರ ಮತ್ತೆ ಬರುತ್ತಾರೆ. ಮಗಳು ಹುಟ್ಟಿದಳು ತಾತಾ, ಆಮೇಲೊಬ್ಬ ಮಗ ಹುಟ್ಟಿದ, ಇಬ್ಬರೂ ದೊಡ್ಡವರಾದರು, ಮೊಮ್ಮಕ್ಕಳಾದವು ಎಂದು ಎಲ್ಲವನ್ನೂ ಹೇಳುತ್ತೇನೆ. ಆ ಕಾಗದಗಳು ಏನಾದವೆಂದು ಹೇಳಲು ಮಾತ್ರ ಇವತ್ತಿಗೂ ನನಗೆ ಬಾಯಿ ಬಂದಿಲ್ಲ.